ಅಮಾವಾಸ್ಯೆಗೆ ರಜೆ ಹಾಕುವ ರೋಗ

ಬೆರಳುದ್ದದ ಕಡ್ಡಿಯೊಂದನ್ನು ವಿರೂಪಾಕ್ಷಪ್ಪ ಹೊಂಬಳರು ಹಳೆಯ ಲ್ಯಾಪ್‌ಟಾಪಿನ ಪಕ್ಕದ ತೂತಿಗೆ ಸಿಕ್ಕಿಸಿ ಕೈಕಟ್ಟಿ ನಿಂತರು. ಕಡ್ಡಿಯ ತುದಿಯ ಕೇಸರಿ ದೀಪ ಮೂರು ಸಲ ಮಿನುಗಿತು, ಒಂದು ನಿಮಿಷ ಸುಮ್ಮನಿತ್ತು, ಆಮೇಲೆ ಹಸಿರಾಯಿತು. 2030ರಲ್ಲಿ ತಯಾರಾದ ಆ ‘ತಾರಾ ಹದಿನಾಲ್ಕು’ ಲ್ಯಾಪ್‌ಟಾಪು 2050ರ ಜಾಲಕ್ಕೆ ತಾನಾಗಿ ಸೇರಿಕೊಂಡಿತು.

“ಆತು ನೋಡ್ರಿ ಮಾಸ್ತರ. ಏನರ ಮಾತಾಡ್ರಿ.”

ರುದ್ರಮುನಿ ಮಾಸ್ತರರು ಕೀಲಿಮಣೆಯ ಮೇಲೆ ಬೆರಳಾಡಿಸಿದರು. ಗೋಡೆಯ ಸ್ಪೀಕರಿನಿಂದ ಅವರದೇ ದನಿ ಬಂತು: “ಹದಿನೇಳರ ಮಗ್ಗಿ ಯಾರಿಗೆ ಬರತೈತ್ರಿ ಇಲ್ಲೆ?” ಬೆಟಗೇರಿಯ ಆ ಅಂಗಡಿಯಲ್ಲಿ ಕುಳಿತಿದ್ದ ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಯಾರಿಗೂ ಬರುತ್ತಿರಲಿಲ್ಲ.

ಮಾಸ್ತರರ ಗಂಟಲಿಗೆ ಕ್ಯಾನ್ಸರ್ ಆಗಿ, ದನಿಪೆಟ್ಟಿಗೆಯನ್ನೇ ತೆಗೆದುಹಾಕಿ ಆರು ವರ್ಷವಾಗಿತ್ತು. ಶಸ್ತ್ರಚಿಕಿತ್ಸೆಗೆ ಮೊದಲು ಒಂದು ತಿಂಗಳು ಕೂತು ತಮ್ಮ ಮಾತನ್ನು ಧ್ವನಿಮುದ್ರಿಸಿದ್ದರು; ಟೈಪ್ ಮಾಡಿದ್ದನ್ನು ಆ ದನಿಯಲ್ಲಿ ನುಡಿಯುವ ತಂತ್ರಾಂಶ ಆ ಲ್ಯಾಪ್‌ಟಾಪಿನಲ್ಲಿತ್ತು. ಅದರ ಸ್ವಂತ ಸ್ಪೀಕರು ಕೆಟ್ಟು ಹೋಗಿದ್ದರಿಂದ ದನಿ ಜಾಲದ ಮೂಲಕವೇ ಗೋಡೆಯ ಸ್ಪೀಕರಿಗೆ ಹೋಗಬೇಕಿತ್ತು. ತಂತ್ರಾಂಶ ಮಾಡಿದವರು ಅಂಗಡಿ ಮುಚ್ಚಿ ಹೋಗಿದ್ದರು. ಹೊಸ ಯಂತ್ರಗಳು ಅದನ್ನು ಮುಟ್ಟುತ್ತಲೂ ಇರಲಿಲ್ಲ. ಮಾಸ್ತರರು ದಿನಾಲೂ ಮಧ್ಯಾಹ್ನ ಮೂರರಿಂದ ಆರರವರೆಗೆ ಓಣಿಯ ಮಕ್ಕಳಿಗೆ ಗಣಿತ ಹೇಳುತ್ತಿದ್ದರು. ಆ ಹಳೆಯ ಪೆಟ್ಟಿಗೆ ಹೋದರೆ ಮಾಸ್ತರರ ದನಿಯೂ ಹೋಯಿತು, ಪಾಠವೂ ಹೋಯಿತು.

ಆ ಕಾಲದಲ್ಲಿ ಮನೆಮನೆಯ ಜಾಲವು ಐದಾರು ವರ್ಷಕ್ಕೊಮ್ಮೆ ತನ್ನ ತರಂಗವನ್ನೂ ಭಾಷೆಯನ್ನೂ ಬದಲಿಸುತ್ತಿತ್ತು. ತಂತಿ ಸಿಕ್ಕಿಸುವ ತೂತುಗಳನ್ನು ಹೊಸ ಜಾಲಪೆಟ್ಟಿಗೆಗಳಲ್ಲಿ ಬಿಟ್ಟೇ ಇರಲಿಲ್ಲ. ಹಳೆಯ ಲ್ಯಾಪ್‌ಟಾಪು, ಮುದ್ರಣಯಂತ್ರ, ಮನೆಯ ಕ್ಯಾಮೆರಾ ಎಲ್ಲವೂ ಒಂದು ದಿನ ಇದ್ದಕ್ಕಿದ್ದಂತೆ ಕಿವುಡಾಗುತ್ತಿದ್ದವು. ಆಗ ಅವುಗಳಿಗೆ ಹೊಂದುವ ನಿಸ್ತಂತು ಕಾರ್ಡು ಹುಡುಕಬೇಕು. ಒಂದು ಕಂಪನಿಯ ಯಂತ್ರ ಇನ್ನೊಂದರ ಕಾರ್ಡನ್ನು ಒಲ್ಲೆ ಎನ್ನುತ್ತದೆ. ಕಾರ್ಡು ಕೂತರೆ ಆಂಟೆನಾ ತಂತಿ ಮುಟ್ಟುವುದಿಲ್ಲ. ತಂತಿ ಮುಟ್ಟಿದರೆ ಎರಡರ ನಡುವೆ ದುಭಾಷಿಯಾಗಿ ನಿಲ್ಲಬೇಕಾದ ಚಾಲಕ ತಂತ್ರಾಂಶ ಸಿಕ್ಕುವುದಿಲ್ಲ. ಯಾವುದಕ್ಕೆ ಯಾವುದು ಕೂಡುತ್ತದೆ ಎಂದು ಹೇಳುವುದೇ ವಿರೂಪಾಕ್ಷಪ್ಪನವರ ಕಸುಬಾಗಿತ್ತು. ಮದುವೆಗೆ ಜಾತಕ ತೋರಿಸುವಂತೆ ಜನ ಅವರಿಗೆ ಯಂತ್ರ ತೋರಿಸುತ್ತಿದ್ದರು.

ಮೂವತ್ತು ವರ್ಷ ಅವರು ಒಂದು ವಹಿ ಬರೆದಿದ್ದರು. ಯಾವ ಮಾದರಿ, ಯಾವ ಕಾರ್ಡು, ಮುಪ್ಪಾದಾಗ ಎಂಥ ರೋಗ: ಬಿಸಿಯೇರಿದರೆ ಸಂಪರ್ಕ ಕಳಕೊಳ್ಳುವುದು, ಮುಚ್ಚಳ ತೆರೆದ ಕೂಡಲೇ ಮಂಕಾಗುವುದು. ದೀಪಾವಳಿ ಪಾಡ್ಯಕ್ಕೆ ಆ ವಹಿಗೆ ಅರಿಸಿನ ಕುಂಕುಮ ಏರುತ್ತಿತ್ತು. ಪೂಜೆಯಾದ ವಹಿಯಲ್ಲಿ ಬರೆದದ್ದರ ಮೇಲೆ ಗೆರೆ ಎಳೆದು ಕಾಟು ಹಾಕಬಾರದು ಎಂದು ಅವರ ತಂದೆ ಹೇಳಿಕೊಟ್ಟಿದ್ದರು. ತಪ್ಪಾದರೆ ತಪ್ಪೇ ಇರಲಿ, ಮುಂದಿನ ಸಾಲಿನಲ್ಲಿ ಸರಿ ಬರೆ. ವಿರೂಪಾಕ್ಷಪ್ಪ ಒಂದು ದಿನವೂ ಅದರಲ್ಲಿ ಕಾಟು ಹಾಕಿರಲಿಲ್ಲ.

ಕಡ್ಡಿಯನ್ನು ಕಂಡುಹಿಡಿದವಳು ಡಾ. ಶಾಲ್ಮಲಾ ಅಸುಂಡಿ. ಓದುವಾಗ ಮೂರು ಬೇಸಿಗೆ ಇದೇ ಅಂಗಡಿಯ ಸ್ಟೂಲಿನ ಮೇಲೆ ಕೂತು ಬೆಸುಗೆ ಹಾಕಲು ಕಲಿತವಳು. ವಿರೂಪಾಕ್ಷಪ್ಪನ ಮನೆಯ ರೊಟ್ಟಿ ತಿಂದವಳು. ಧಾರವಾಡದ ಪ್ರಯೋಗಾಲಯಕ್ಕೆ ವಿಜ್ಞಾನಿಯಾಗಿ ಹೋದ ಮೇಲೆ ಒಂದು ದಿನ ಬಂದು ವಹಿ ಕೇಳಿದಳು. ಇವರು ಹಿಂದೆಮುಂದೆ ನೋಡದೆ ಕೊಟ್ಟರು. ಅವಳು ಪುಟಪುಟವನ್ನೂ ಚಿತ್ರ ತೆಗೆದು ತನ್ನ ಕಲಿಯುವ ಯಂತ್ರಕ್ಕೆ ಉಣಿಸಿದಳು. ಯಾವ ಹಳೆಯ ಯಂತ್ರಕ್ಕೆ ಸಿಕ್ಕಿಸಿದರೂ ಅದರ ಭಾಷೆಯನ್ನು ತಾನೇ ಕಲಿತು ಹೊಸ ಜಾಲದೊಂದಿಗೆ ಮಾತಾಡಿಸುವ ಕಡ್ಡಿ ಹಾಗೆ ಹುಟ್ಟಿತು. ದೊಡ್ಡ ಕಂಪನಿಯೊಂದು ಅದನ್ನು ‘ಬೆಸುಗೆ’ ಎಂಬ ಹೆಸರಿನಲ್ಲಿ ಊರೂರಿಗೆ ಹಂಚಿತು.

ಅಂದಿನಿಂದ ಜಾತಕ ನೋಡುವ ಕೆಲಸ ತಪ್ಪಿತು. ವಿರೂಪಾಕ್ಷಪ್ಪನಿಗೆ ಅದರ ದುಃಖವಿರಲಿಲ್ಲ. ಬಂದವರಿಗೆಲ್ಲ, “ನಾ ಹೇಳೇನಿ, ಕಣ್ಣು ಮುಚ್ಚಿ ತಗೋರಿ. ನಮ್ಮ ಹುಡುಗಿ ಮಾಡಿದ್ದೈತಿ,” ಎನ್ನುತ್ತಿದ್ದರು. ಬೆಟಗೇರಿಯಲ್ಲಿ ಅವರ ಮಾತೆಂದರೆ ಕಲ್ಲಿನ ಮೇಲೆ ಕೊರೆದ ಹಾಗೆ.

ಎರಡು ವರ್ಷ ಕಳೆಯಿತು. ಹಳೆಯ ಯಂತ್ರಗಳು ಒಂದೊಂದಾಗಿ ಕಾಯಿಲೆ ಬೀಳತೊಡಗಿದವು. ವಿರೂಪಾಕ್ಷಪ್ಪ ಲಕ್ಷಣ ಕೇಳಿದ ಕೂಡಲೇ ಗುರುತು ಹಿಡಿಯುತ್ತಿದ್ದರು. ಎಲ್ಲವೂ ವಹಿಯಲ್ಲಿದ್ದ ಪರಿಚಯದ ರೋಗಗಳೇ. “ಇದರ ಆಯುಷ್ಯ ಮುಗೀತ್ರಿ. ಹೊಸಾದು ನೋಡ್ರಿ,” ಎಂದು ಮೆತ್ತಗೆ ಹೇಳಿ ಕಳಿಸುತ್ತಿದ್ದರು. ಹೊಂಬಳರೇ ಹೇಳಿದ ಮೇಲೆ ಇನ್ನೇನು ಎಂದು ಜನ ಹಳೆಯದನ್ನು ಗುಜರಿಗೆ ಹಾಕಿದರು. ಹಾಗೆ ಹೋದವು ನಾಲ್ಕುನೂರಕ್ಕೂ ಹೆಚ್ಚು.

ಒಂದು ಬೆಳಿಗ್ಗೆ ರುದ್ರಮುನಿ ಮಾಸ್ತರರು ಲ್ಯಾಪ್‌ಟಾಪು ಹಿಡಿದು ಬಂದರು. ಕೈಯಲ್ಲಿ ಮಕ್ಕಳ ಸ್ಲೇಟಿತ್ತು. ‘ದಿನಾ ಮೂರಕ್ಕೆ ದನಿ ಹೋಗತದ. ಆರಕ್ಕೆ ತಾನ ಬರತದ. ಇಪ್ಪತ್ತು ದಿನಾ ಆತು. ಹುಡುಗೂರು ಬರೂದು ಬಿಡಾಕತ್ತಾರ,’ ಎಂದು ಬರೆದು ತೋರಿಸಿದರು.

“ಒಂದಿನಾನೂ ತಪ್ಪಿಲ್ಲೇನ್ರಿ?”

ಮಾಸ್ತರರು ಯೋಚಿಸಿ ಬರೆದರು: ‘ನಿನ್ನೆ ಹೋಗಲಿಲ್ಲ.’

ನಿನ್ನೆ ಅಮಾವಾಸ್ಯೆ. ವಿರೂಪಾಕ್ಷಪ್ಪನಿಗೆ ಹಳೆಯದೊಂದು ಸಾಲು ನೆನಪಾಯಿತು. ಕಪಾಟಿನಿಂದ ವಹಿ ತೆಗೆದು 2031ರ ಪುಟ ತಿರುವಿದರು. ಅವರದೇ ಅಕ್ಷರ: ‘ತಾರಾ ಹದಿನಾಲ್ಕು. ಮಧ್ಯಾಹ್ನ ಮೂರರಿಂದ ಆರು ಸಂಪರ್ಕ ಇರುವುದಿಲ್ಲ. ಅಮಾವಾಸ್ಯೆಗೆ ಇರುತ್ತದೆ. ಏಳು ಯಂತ್ರ ನೋಡಿದೆ, ಏಳಕ್ಕೂ ಇದೇ ರೋಗ.’

ಅದು ರೋಗವೇ ಆಗಿರಲಿಲ್ಲ. ಆ ವರ್ಷ ಅಂಗಡಿಯ ಪಕ್ಕದ ಮನೆಯಲ್ಲಿ ವಿದ್ಯುತ್ ಮಗ್ಗಗಳಿದ್ದವು. ಮೂರರಿಂದ ಆರರವರೆಗೆ ಅವಕ್ಕೆ ಬೇಕಾದ ಕರೆಂಟು ಬರುತ್ತಿತ್ತು. ಹಳೆಯ ಮೋಟಾರುಗಳ ಕಿಡಿಯಿಂದ ಅಂಗಡಿಯ ನಿಸ್ತಂತು ಜಾಲ ಕೆಡುತ್ತಿತ್ತು; ಆ ದಿನಗಳಲ್ಲಿ ಅಂಗಡಿಗೆ ಬರುತ್ತಿದ್ದದ್ದು ತಾರಾ ಹದಿನಾಲ್ಕೇ ಆದ್ದರಿಂದ ತಪ್ಪು ಅದರ ಮೇಲೆ ಬಿತ್ತು. ಬೆಟಗೇರಿಯ ನೇಕಾರರು ಅಮಾವಾಸ್ಯೆಗೆ ಮಗ್ಗ ಮುಟ್ಟುವುದಿಲ್ಲ, ಹಾಗಾಗಿ ಅಂದು ಎಲ್ಲ ನೆಟ್ಟಗಿರುತ್ತಿತ್ತು. ಮಗ್ಗದವರು ಮನೆ ಬದಲಿಸಿದ ಮೇಲೆ ವಿರೂಪಾಕ್ಷಪ್ಪನಿಗೆ ತನ್ನ ಪೆದ್ದುತನ ತಿಳಿದು ನಗು ಬಂದಿತ್ತು. ಆದರೆ ಪೂಜೆಯಾದ ವಹಿ, ಕಾಟು ಹಾಕಲಿಲ್ಲ. ನಗುವ ವಿಷಯವೆಂದು ಮುಂದಿನ ಸಾಲಿನಲ್ಲಿ ಸರಿಯನ್ನೂ ಬರೆಯಲಿಲ್ಲ.

ಮಾಸ್ತರರ ಮನೆ ಗದಗಿನ ಆಚೆ ತುದಿಯಲ್ಲಿ. ಅಲ್ಲಿ ಮಗ್ಗವೂ ಇಲ್ಲ, ಮೋಟಾರೂ ಇಲ್ಲ. ಇಲ್ಲದ ರೋಗ ಇಪ್ಪತ್ತೊಂದು ವರ್ಷದ ಮೇಲೆ ಅಮಾವಾಸ್ಯೆಯ ರಜೆಯನ್ನೂ ಮರೆಯದೆ ಅವರ ಮನೆಗೆ ಹೇಗೆ ಬಂತು? ವಿರೂಪಾಕ್ಷಪ್ಪ ರೋಣಕ್ಕೆ ಫೋನು ಮಾಡಿದರು, ಮುಳಗುಂದಕ್ಕೆ ಮಾಡಿದರು. ಅದೇ ಮಾದರಿ ಇಟ್ಟುಕೊಂಡ ಇಬ್ಬರೂ ಅದನ್ನೇ ಹೇಳಿದರು. ಸಂಜೆ ನಾಲ್ಕಕ್ಕೆ ಕಡ್ಡಿ ಕಿತ್ತು, ಪರೀಕ್ಷೆಗೆಂದು ಅಂಗಡಿಯಲ್ಲಿಟ್ಟಿದ್ದ ಹಳೆಯ ಜಾಲಪೆಟ್ಟಿಗೆಗೆ ಲ್ಯಾಪ್‌ಟಾಪು ಜೋಡಿಸಿದರು. ಅದು ಪಟಪಟನೆ ಓಡಿತು; ರೋಗ ಯಂತ್ರದ್ದಲ್ಲ, ಕಡ್ಡಿಯದು. ಮರುದಿನ ಧಾರವಾಡದ ಬಸ್ಸು ಹತ್ತಿದರು.

ಶಾಲ್ಮಲಾ ಎದ್ದು ಬಂದು ಕಾಲು ಮುಟ್ಟಿದಳು. “ಕಾಕಾ, ಒಂದು ಫೋನ್ ಮಾಡಿದ್ರ ನಾನ ಬರ್ತಿದ್ನೆಲ್ಲ.”

“ಕೂಡು, ಶಾಲೂ. ನಿನ್ನ ಕಡ್ಡಿ ಹಳೇ ಯಂತ್ರಕ್ಕ ರೋಗ ಹಚ್ಚತೈತೇನು?”

ಅವಳು ಬಾಗಿಲು ಮುಚ್ಚಿದಳು. ಆ ಬಾಗಿಲು ಮುಚ್ಚಿದ್ದರಲ್ಲೇ ಉತ್ತರವಿತ್ತು.

“ನಿಮಗ ಯಾರು ಹೇಳಿದ್ರು?”

“ಅಮಾವಾಸ್ಯಿ ಹೇಳ್ತು.” ವಿರೂಪಾಕ್ಷಪ್ಪ ಮಗ್ಗದ ಕತೆಯನ್ನು ಮೊದಲಿಂದ ಹೇಳಿದರು. ಅವಳಿಗೆ ಅದು ಗೊತ್ತೇ ಇರಲಿಲ್ಲ. ಕಲಿಯುವ ಯಂತ್ರ ವಹಿಯನ್ನು ತಪ್ಪುಸಮೇತ ನುಂಗಿತ್ತು.

“ಕಂಪನಿಯವರು ಹಳೇ ಯಂತ್ರ ಕಾಯಂ ಬದುಕೂದು ಬ್ಯಾಡಂದ್ರು, ಕಾಕಾ. ಹೊಸಾವು ಯಾರು ಕೊಳ್ಳಬೇಕು ಅಂತ. ಎರಡು ವರ್ಷ ಬದುಕಲಿ, ಆಮ್ಯಾಲ ಮೆಲ್ಲಕ ಸಾಯಲಿ ಅಂದ್ರು. ಒಪ್ಪಲಿಲ್ಲಾಂದ್ರ ಕಡ್ಡೀನ ಹೊರಗ ಬರ್ತಿರಲಿಲ್ಲ. ಎರಡು ವರ್ಷರ ಉಳಿತಾವಲ್ಲ ಅಂತ ನಾನ ಬರದುಕೊಟ್ಟೆ.”

“ಕೊಲ್ಲಾಕ ನನ್ನ ಅಕ್ಷರ ಯಾಕ ಬೇಕಾಗಿತ್ತು?”

ಅವಳು ನೆಲ ನೋಡಿದಳು. “ಹೊಸಾ ರೋಗ ಬಂದ್ರ ಜನಾ ಸಂಶಯ ಪಡ್ತಾರ. ಹಳೇ ರೋಗ ಆದ್ರ ನಿಮ್ಮಂಥ ರಿಪೇರಿಯವರು ನೋಡಿ, ಇದು ಮುಪ್ಪಿನ ರೋಗ ಅಂತ ತಾವ ಹೇಳ್ತಾರ.”

ವಿರೂಪಾಕ್ಷಪ್ಪ ಹಾಗೆ ನಾಲ್ಕುನೂರು ಸಲ ಹೇಳಿದ್ದರು. ಬಡಿದಿದ್ದರೂ ಅಷ್ಟು ನೋಯುತ್ತಿರಲಿಲ್ಲ. “ನೆಚ್ಚಿದ ಎಮ್ಮಿ ಕ್ವಾಣ ಈತು ಅಂತಾರಲ್ಲ, ಹಂಗಾತು ನಂದು,” ಎಂದರು. “ನನ್ನ ಬಾಯಿಲೇ ಸುಳ್ಳು ಹೇಳಿಸಿದಿ. ನಾ ಊರಿಗೆ ಏನಂತ ಮಾರಿ ತೋರಿಸಲಿ?”

“ಮಾಸ್ತರ ಕಡ್ಡಿ ಒಂದನ್ನ ಯಾರಿಗೂ ತಿಳೀದಂಗ ಸರಿ ಮಾಡಿಕೊಡ್ತೀನಿ. ಮತ್ತ ಯಾವಾಗೂ ದನಿ ಹೋಗೂದಿಲ್ಲ. ಆದ್ರ ನೀವು ಇದನ್ನ ಎಲ್ಲೂ ಬಾಯಿ ಬಿಡಬ್ಯಾಡ್ರಿ. ನನ್ನ ಕೆಲಸ ಹೋಗತೈತಿ, ಕಾಕಾ.”

ಅವರು ಮಾತು ಕೊಡದೆ ಎದ್ದು ಬಸ್ ನಿಲ್ದಾಣಕ್ಕೆ ನಡೆದರು. ದನಿ ತನ್ನದಲ್ಲ, ಮಾಸ್ತರರದು. ಅವರನ್ನೇ ಕೇಳಬೇಕು ಎಂದು ಬಸ್ಸಿನಲ್ಲಿ ಕೂತಾಗ ತೀರ್ಮಾನಿಸಿದರು.

ಮಾಸ್ತರರು ತಮ್ಮ ಮನೆಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡರು. ಗಡಿಯಾರದಲ್ಲಿ ಮೂರೂವರೆಯಾಗಿತ್ತು, ಸ್ಪೀಕರು ಸತ್ತಂತಿತ್ತು. ಎದುರಿಗೆ ಇದ್ದದ್ದು ಇಬ್ಬರೇ ಮಕ್ಕಳು. ಬಳಪ ಹಿಡಿದು ಬರೆದರು: ‘ನನ್ನ ಬಾಯಿ ಬಿಡಿಸಾಕ ಊರ ಬಾಯಿ ಮುಚ್ಚೂದು ಬ್ಯಾಡ್ರಿ.’

ಮರುದಿನ ಅಂಗಡಿಯ ಮುಂದೆ ಬೋರ್ಡು ಬಂತು. ‘ತಾರಾ ಹದಿನಾಲ್ಕು ಇದ್ದವರು ಬರುವ ಅಮಾವಾಸ್ಯೆ ಮಧ್ಯಾಹ್ನ ಮೂರಕ್ಕೆ ಯಂತ್ರ ತೆಗೆದುಕೊಂಡು ಬನ್ನಿ. ದಿನಾಲೂ ಕೆಡುವ ಯಂತ್ರ ಅಂದು ಕೆಡುವುದಿಲ್ಲ. ಯಾಕೆಂದು ಅಂದೇ ಹೇಳುತ್ತೇನೆ.’ ಮಗ್ಗದ ಕತೆಯನ್ನು ಅವರು ಊರಿನಲ್ಲಿ ಮಾಸ್ತರರ ಹೊರತು ಯಾರಿಗೂ ಹೇಳಲಿಲ್ಲ. ಹೊರಗೆ ಅದು ಗೊತ್ತಿದ್ದದ್ದು ಶಾಲ್ಮಲಾ ಒಬ್ಬಳಿಗೆ.

ಅಮಾವಾಸ್ಯೆ ಬಂತು. ಗದಗ, ರೋಣ, ಮುಳಗುಂದಗಳಿಂದ ಮೂವತ್ತೊಂದು ಜನ ಬಂದರು. ಲ್ಯಾಪ್‌ಟಾಪುಗಳು ಮೇಜು, ಕಟ್ಟೆ, ತೊಡೆಗಳ ಮೇಲೆ ತೆರೆದು ಕೂತವು. ಎಲ್ಲ ಕಡ್ಡಿಗಳೂ ಹಸಿರಾಗಿದ್ದವು. ವಿರೂಪಾಕ್ಷಪ್ಪ ಕುಂಕುಮ ಹತ್ತಿದ ವಹಿಯನ್ನು ತೊಡೆಯ ಮೇಲಿಟ್ಟುಕೊಂಡು ಗಡಿಯಾರ ನೋಡುತ್ತಿದ್ದರು.

ಮೂರು ಹೊಡೆಯಿತು. ಮೂವತ್ತೊಂದು ಹಸಿರು ದೀಪಗಳು ಒಮ್ಮೆಲೇ ಆರಿದವು.

ರೋಣದಿಂದ ಬಂದ ಫಕೀರವ್ವ ಲ್ಯಾಪ್‌ಟಾಪು ಮುಚ್ಚುತ್ತ, “ಹೊಂಬಳ ಅಣ್ಣಾರ, ವಯಸ್ಸಾತ್ರಿ ನಿಮಗೂ. ಇರಲಿ ಬಿಡ್ರಿ,” ಎಂದಳು. ಅವಳ ದನಿಯಲ್ಲಿ ಕನಿಕರವಿತ್ತು, ಅದು ಬೈಗುಳಕ್ಕಿಂತ ಕಠಿಣವಾಗಿತ್ತು. ವಿರೂಪಾಕ್ಷಪ್ಪನಿಗೆ ಎಲ್ಲ ತಿಳಿಯಿತು. ಅಮಾವಾಸ್ಯೆಯ ಸಾಲನ್ನು ಶಾಲೂ ಧಾರವಾಡದಲ್ಲೇ ಕೂತು ಜಾಲದ ಮೂಲಕ ಎಲ್ಲ ಕಡ್ಡಿಗಳಿಂದ ಅಳಿಸಿದ್ದಾಳೆ. ಅವರು ನಂಬಿ ಹೇಳಿದ ಮಗ್ಗದ ಕತೆಯಿಂದಲೇ ತನ್ನ ಗುಟ್ಟು ಬಯಲು ಮಾಡುವ ತಪ್ಪನ್ನು ತಿದ್ದಿಕೊಂಡಿದ್ದಾಳೆ. ಎರಡನೆಯ ಸಲ ಮೋಸವಾಯಿತು, ಅದೂ ಅದೇ ಕೈಯಿಂದ.

ಮಾಸ್ತರರು ಎದ್ದು ನಿಂತರು. ಸ್ಲೇಟಿನ ಮೇಲೆ ದೊಡ್ಡಕ್ಷರದಲ್ಲಿ ಏನೋ ಬರೆದು, ಪಾಠ ಹೇಳುವವರಂತೆ ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಕಣ್ಣು ಮಂಜಾದ ಒಬ್ಬ ಅಜ್ಜನಿಗಾಗಿ ಫಕೀರವ್ವ ಅದನ್ನು ಗಟ್ಟಿಯಾಗಿ ಓದಿದಳು:

“ಹೋದ ಅಮಾವಾಸ್ಯಿಗೆ ನಿಮ್ಮ ಯಂತ್ರ ನಡದಿತ್ತೋ ಇಲ್ಲೋ?”

ನಡೆದಿತ್ತು ಎಂದು ಒಬ್ಬ ಹೇಳಿದ. ಹೌದು, ನಮ್ಮದೂ ಎಂದು ಇನ್ನೊಬ್ಬ. ಮಾಸ್ತರರು ಒರೆಸಿ ಮತ್ತೆ ಬರೆದರು. ಫಕೀರವ್ವ ಓದತೊಡಗಿದವಳು ನಡುವೆ ನಿಧಾನವಾದಳು:

“ಈ ಸಲ ನಡೀಲಿಲ್ಲ. ನಡುವ ಆಗಿದ್ದು ಒಂದ. ಹೊಂಬಳರು ಬೋರ್ಡು ಹಾಕಿದ್ರು. ಮುಪ್ಪಿಗೆ ಬೋರ್ಡು ಓದಾಕ ಬರತೈತೇನು?”

ಬೋರ್ಡಿನ ಸುದ್ದಿ ತಿಳಿದು ಯಾರೋ ಕಡ್ಡಿಯೊಳಗೇ ಕೈಯಾಡಿಸಿದ್ದಾರೆ ಎಂಬುದು ಎಲ್ಲರಿಗೂ ಹೊಳೆಯಿತು. ಆಮೇಲೆ ಫಕೀರವ್ವ ಲ್ಯಾಪ್‌ಟಾಪನ್ನು ಮತ್ತೆ ತೆರೆದು, ಕಡ್ಡಿಯನ್ನು ಕಿತ್ತು ಕಟ್ಟೆಯ ಮೇಲಿಟ್ಟಳು. ಒಬ್ಬೊಬ್ಬರಾಗಿ ಉಳಿದವರೂ ಇಟ್ಟರು. ಮಾಸ್ತರರದು ಕೊನೆಯದು. ಅದನ್ನು ಕೀಳುವಾಗ ಅವರ ಬೆರಳು ಒಂದು ಕ್ಷಣ ತಡೆಯಿತು. ಹೊಸ ಜಾಲಕ್ಕೆ ಬೇರೆ ದಾರಿ ಸಿಗುವವರೆಗೆ ಅವರ ದನಿ ಮೂರು ಗಂಟೆಯಲ್ಲ, ಇಡೀ ದಿನ ಹೋದಂತೆಯೇ.

ವಿರೂಪಾಕ್ಷಪ್ಪ ಪೆನ್ನು ತೆಗೆದು 2031ರ ಆ ಸಾಲಿನ ಮೇಲೆ ಗೆರೆ ಎಳೆದರು. ವಹಿಯಲ್ಲಿ ಅದೇ ಮೊದಲ ಕಾಟು. ಹೊಸ ಪುಟದಲ್ಲಿ ‘ಬೆಸುಗೆ’ ಎಂದು ಬರೆದು, ರೋಗದ ಕಡೆಗೆ ಏನು ಬರೆಯಬೇಕೆಂದು ತೋಚದೆ, ಮಾಸ್ತರರ ಪ್ರಶ್ನೆಯನ್ನೇ ಬರೆದರು. ಆಮೇಲೆ ಗುಜರಿಗೆ ಕಳಿಸಿದ ನಾಲ್ಕುನೂರು ಯಂತ್ರಗಳವರ ಹೆಸರುಗಳನ್ನು ನೆನಪಿದ್ದಷ್ಟು ಕೆಳಗೆ ಬರೆಯುತ್ತ ಹೋದರು. ಒಬ್ಬೊಬ್ಬರ ಮನೆಗೂ ಹೋಗಿ, ನಾ ಹೇಳಿದ್ದು ಸುಳ್ಳು, ನಿಮ್ಮ ಯಂತ್ರಕ್ಕೆ ಏನೂ ಆಗಿರಲಿಲ್ಲ ಎಂದು ಹೇಳಬೇಕಿತ್ತು.

ನಿಧಾನವಾಯಿತು, ಹಳೆಯದಾಯಿತು, ಇನ್ನು ಬರುವುದಿಲ್ಲ ಎಂದು ನಾವೂ ದಿನಾಲೂ ಅನ್ನುತ್ತಿರುತ್ತೇವೆ, ಎಷ್ಟು ಸಲೀಸಾಗಿ ಅನ್ನುತ್ತೇವೆ. ಮೂಲೆಯಲ್ಲಿ ಧೂಳು ತಿನ್ನುತ್ತಿರುವ ನಮ್ಮ ಮನೆಯ ಪೆಟ್ಟಿಗೆಗೆ ಮುಪ್ಪು ಬಂತೆಂದು ಮೊದಲು ಹೇಳಿದವರು ಯಾರು ಎಂದು ಕೇಳಿದರೆ, ನಮ್ಮಲ್ಲಿ ಎಷ್ಟು ಜನರಿಗೆ ಉತ್ತರ ಗೊತ್ತಿದೆ?