ವಂಡ್ಸೆಯ ಬಚ್ಚಲುಮನೆ ಮತ್ತು ಹವಳದ ಸರ

"ಅಕ್ಕಾ, ಆ ಸರ ನಾನ್ ಕಂಡದ್ದೂ ಇಲ್ಲೆ," ಎಂದು ಮಿಥುನ್ ಸುಗುಣಕ್ಕನ ಜಗಲಿಯಲ್ಲಿ ಕುಸಿದು ಕೂತ.

ಬಚ್ಚಲುಮನೆಗಳಿಗೆ ಪ್ಲಾಸ್ಟಿಕ್ ಸೀಲಿಂಗ್ ಹಾಕುವುದು ಅವನ ಕಸುಬು. ಮೂರು ದಿನದ ಹಿಂದೆ ವಂಡ್ಸೆಯ ಪ್ರಭಾವತಿಯವರ ಮನೆಯಲ್ಲಿ ಕೆಲಸ ಮುಗಿಸಿದ ಸಂಜೆಯೇ ಅವರ ತಾಯಿಯ ಕಾಲದ ಹವಳದ ಸರ ಕಾಣೆಯಾಗಿತ್ತು. ಅವನ ಚೀಲ, ಮನೆಯವರ ಪೆಟ್ಟಿಗೆ ಎಲ್ಲ ಜಾಲಾಡಿದರೂ ಸಿಗಲಿಲ್ಲ. ಹೊರಗಿನವನು ಅವನೊಬ್ಬನೇ ಆದ್ದರಿಂದ ಅನುಮಾನ ಅವನ ಮೇಲೆಯೇ ಬಂತು. ಬೈಂದೂರಿನ ಹೊಸ ಲಾಡ್ಜಿನವರು ನಾಳೆ ಶುರುವಾಗಬೇಕಿದ್ದ ಕೆಲಸಕ್ಕೆ ಬರಬೇಡ ಎಂದುಬಿಟ್ಟಿದ್ದರು.

ನಿವೃತ್ತ ಪೋಸ್ಟ್ ಮಾಸ್ಟರ್ ಸುಗುಣಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಚಿಕ್ಕಿ ಹೀಗೆ ಮಾಡಿದರೆ ಇನ್ನು ಬಿಡುವ ಪೈಕಿ ಅಲ್ಲವೆಂದು ಅವರ ಅಕ್ಕನ ಮಗಳು ಶ್ರಾವ್ಯಳಿಗೆ ಗೊತ್ತು. ಕೇಳದೆಯೇ ಸ್ಕೂಟರ್ ತೆಗೆದಳು. ಮಿಥುನ್ ತನ್ನ ಬೈಕಿನಲ್ಲಿ ಹಿಂದೆಯೇ ಬಂದ.

ಪ್ರಭಾವತಿ ಮುಖ ಗಂಟಿಕ್ಕಿಕೊಂಡೇ ಚಾವಡಿಯ ಬೆಂಚು ತೋರಿಸಿ ಚಹಾ ಕೊಟ್ಟರು. ಅದರ ಒಂದು ಕಾಲಿನಡಿ ಊದುಬತ್ತಿ ಪೆಟ್ಟಿಗೆಯ ರಟ್ಟು ಅಚ್ಚುಕಟ್ಟಾಗಿ ನಾಲ್ಕು ಮಡಿಕೆಯಲ್ಲಿ ಕೂತಿತ್ತು. ಅದು ಜೊತೆಗೇ ಇರುವ ಅವರ ತಮ್ಮ ರವಿಚಂದ್ರನ ಕೆಲಸವಂತೆ. ಮುಂಬಯಿಯ ಹೋಟೆಲಿನಲ್ಲಿ ಇಪ್ಪತ್ತು ವರ್ಷ ಟೇಬಲ್ ನೋಡಿಕೊಂಡವನು, ಅಲುಗುವುದನ್ನು ಕಂಡರೆ ಅವನಿಗೆ ಸಹಿಸಲಾಗದು.

ಬಚ್ಚಲುಮನೆಯಲ್ಲಿ ಸುಗುಣಕ್ಕ ಪೊರಕೆಯ ಕೋಲಿನಿಂದ ಸೀಲಿಂಗ್ ಒತ್ತುತ್ತಾ ಹೋದರು. ಒಂದು ಮೂಲೆ ಮೇಲಕ್ಕೆ ಹೋಗಿ ಮತ್ತೆ ಕೆಳಗೆ ಬಂತು. ಮಿಥುನನ ಮುಖ ಕಪ್ಪಿಟ್ಟಿತು. ಸ್ಲ್ಯಾಬ್ ಏರುತಗ್ಗಾಗಿದ್ದರಿಂದ ನೀರು ತುಂಬಿದ ನಳಿಗೆಯಿಂದ ಮಟ್ಟ ಹಿಡಿದು, ಸ್ಲ್ಯಾಬಿಗೂ ಚೌಕಟ್ಟಿಗೂ ನಡುವೆ ಪ್ಲಾಸ್ಟಿಕ್ ತುಂಡು ಕೊಟ್ಟಿದ್ದೆ ಎಂದ. ಆ ಮೂಲೆಯಲ್ಲಿ ಸಂದು ದೊಡ್ಡದು, ಸ್ಕ್ರೂ ಹಿಡಿಯದೆ ತುಂಡನ್ನು ಬಿಗಿಯಾಗಿ ಸಿಕ್ಕಿಸಿದ್ದ. ಅಂದು ಮಧ್ಯಾಹ್ನ ಊಟಕ್ಕೆ ಹೋಗುವಾಗ ಬಾಕಿಯಿದ್ದುದು ಅಲ್ಲಿನ ಸೀಲಿಂಗಿನ ಕೊನೆಯ ಪಟ್ಟಿ ಮಾತ್ರ.

"ಆ ಪಟ್ಟಿ ಬಿಚ್ಚು," ಎಂದರು ಸುಗುಣಕ್ಕ.

ಮಿಥುನ್ ಒಳಗೆ ಕೈ ಹಾಕಿ ತೆಗೆದದ್ದು ಒದ್ದೆಯಾಗಿ ಮೆತ್ತಗಾದ ರಟ್ಟು, ನಾಲ್ಕು ಮಡಿಕೆ. ಶ್ರಾವ್ಯ ಚಾವಡಿಯ ಕಡೆ ತಿರುಗಿ ನೋಡಿದಳು. ಇಂಥದೇ ರಟ್ಟು ಕೊಟ್ಟ ಬೆಂಚಿನ ಮೇಲೆ ಅವಳು ಆಗಷ್ಟೇ ಕೂತು ಚಹಾ ಕುಡಿದಿದ್ದಳು.

ಸುಗುಣಕ್ಕ ಎಲ್ಲರನ್ನೂ ಚಾವಡಿಗೆ ಕರೆದು ರಟ್ಟನ್ನು ಬೆಂಚಿನ ಮೇಲಿಟ್ಟರು. "ಮನೆ ಪೂರಾ ಹುಡ್ಕಿರಿ, ಸೀಲಿಂಗ್ ಮೇಲೆ ಹುಡ್ಕಲಿಲ್ಲ. ಮಿಥುನ್ ಊಟಕ್ ಹೋದಾಗ ಸರ ಅಲ್ಲಿಗ್ ಹೋಯ್ತ್. ಅವ ಬಂದು ಗೊತ್ತಿಲ್ದೇ ಮುಚ್ಚಿದ. ಹುಡುಕಾಟ ಮುಗ್ದ್ ಮೇಲೆ ಯಾರೋ ಪಟ್ಟಿ ಬಿಚ್ಚಿ ಸರ ತೆಗ್ದ್ರ್. ಆಗ ಪ್ಲಾಸ್ಟಿಕ್ ತುಂಡು ಜಾರಿ ಒಳಗ್ ಬಿತ್ತ್, ಮೂಲೆ ಅಲುಗೂಕ್ ಶುರು ಆಯ್ತ್. ಅದಕ್ಕೆ ಈ ರಟ್ಟ್ ಕೊಟ್ರ್, ಅದು ಒದ್ದೆಯಾಗಿ ಮತ್ತೆ ಸಡಿಲ ಆಯ್ತ್. ನೀರಿನ್ ಜಾಗಕ್ಕೆ ಮಿಥುನ್ ರಟ್ಟ್ ಇಡೂದಿಲ್ಲ. ಅಲುಗೂದಕ್ಕೆಲ್ಲ ರಟ್ಟ್ ಮಡ್ಚಿ ಇಡುವ ಕೈ ಈ ಮನೇಲಿ ಒಂದೇ."

ರವಿಚಂದ್ರ ಒಳಗೆ ಹೋಗಿ ಸರ ತಂದಿಟ್ಟ. "ಅಬ್ಬಿ ಸರ, ನಮ್ ಇಬ್ರ ತಾಯಿದ್. ಪೂರಾ ನಿನ್ ಮಗ್ಳ್ ಪ್ರೇಕ್ಷಾಗೇ ಅಂದ್ರೆ, ನನ್ ಮಗ್ಳ್ ದೀಕ್ಷಾ ಎಂತ ಮಾಡಿದ್ಲ್?"

"ಬಾಯ್ಬಿಟ್ ಕೇಂಡಿದ್ರೆ ಕೊಡ್ತಿದ್ದೆ," ಎಂದರು ಪ್ರಭಾವತಿ. ನಾಚಿಕೆಯಿಂದ ಮುಖ ಕೆಂಪಾಗಿದ್ದರೂ ಎಲ್ಲರೆದುರೇ ಲಾಡ್ಜಿಗೆ ಫೋನ್ ಹಚ್ಚಿ, ಸರ ತೆಗೆದದ್ದು ನಮ್ಮ ಮನೆಯವರೇ, ಆ ಹುಡುಗನದು ಏನೂ ತಪ್ಪಿಲ್ಲ ಎಂದು ಬಿಡಿಸಿ ಹೇಳಿದರು. ನಾಳೆ ಬೆಳಿಗ್ಗೆ ಎಂಟಕ್ಕೆ ಬರಲಿ ಎಂದಿತು ಆ ಕಡೆಯ ದನಿ.

ಮಿಥುನ್ ಕಣ್ಣೊರೆಸಿಕೊಂಡು ಹೊಸ ಪ್ಲಾಸ್ಟಿಕ್ ತುಂಡು ಹುಡುಕಿದ. ಬಚ್ಚಲುಮನೆಯ ನೆಲವೂ ಸಮ ಇರಲಿಲ್ಲ, ಅವನು ಹತ್ತಿದ ಸ್ಟೂಲು ಅಲುಗುತ್ತಿತ್ತು. ರವಿಚಂದ್ರ ತಲೆ ತಗ್ಗಿಸಿ ಬಂದು, ಅವನು ಇಳಿಯುವವರೆಗೂ ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತ.