ಭಂಡಾರದಾಗ ಮೂಡಿದ ಗೆರಿ

ಇಕಾ, ಭಂಡಾರ, ದೇವರ ಅರಿಷಿಣ ಪುಡಿ, ಕೈಯಾಗ ಹಿಡದೀನಿ. ಜೇಜುರಿ ಮಲ್ಲಯ್ಯಂದು. ಇದನ್ನ ಹಿಡದು ಸುಳ್ಳು ಹೇಳಿದ್ರ ನಾಲಿಗಿ ನಿಂತಲ್ಲೇ ಒಣಗ್ತದ. ನೋಡ್ರಿ, ಇನ್ನೂ ಹಸೀ ಅದ!

ಬೆರಳಿನ ಗ್ರೀಸ್ ಕಡೆ ಯಾಕ ನೋಡ್ತೀರಿ ವಕೀಲ ಸಾಹೇಬ್ರ? ಕೆಲಸದ ಮನಷ್ಯಾ ನಾನು.

ನಿಮ್ಮ ಪೇಪರ್ ಓದೀನಿ. 'ಸುರಭಿಯ ವೆಲ್ಡಿಂಗ್ ದೋಷದಿಂದ ಗಾಡಿ ಮುರಿಯಿತು, ಇದಕ್ಕೆ ಪ್ರಲ್ಹಾದ ಎಂಬ ನಾನು ಸಾಕ್ಷಿ.' ಭಾಳ ಛಂದ ಟೈಪ್ ಮಾಡಿಸೀರಿ. ನಾನು ಸೈ ಮಾಡಿದ್ರ ಮುಗೀತು... ಪುಣೆದಾಗ ಯಾವ ಗ್ಯಾರೇಜಿನವನೂ ಆ ಹುಡುಗಿನ್ನ ಒಳಗ ಬಿಟ್ಗೊಳ್ಳೂದಿಲ್ಲ.

ಮಾಡ್ತೀನೋ ಇಲ್ಲೋ, ಆಮ್ಯಾಲ. ಮೊದಲ ಕೇಳ್ರಿ. ಲೋಕನಾಥನ ಹೋಟೆಲಿನ ಚಹಾ ಆರ್ತದ, ಕುಡೀರಿ.

ದಿವೇ ಘಾಟ್. ಮಟಮಟ ಮಧ್ಯಾಹ್ನ. ನಮ್ಮ ಬೆನ್ನಿಗೆ ಒಂದು ಬಿಳೀ ಎಸ್‌ಯುವಿ!

ಹಾರ್ನ್ ಮ್ಯಾಲಿಂದ ಕೈ ತೆಗೀವಲ್ಲ.

ಮೋಟರ್‌ಸೈಕಲ್ ಓಡಸ್ತಿದ್ದಾಕಿ ಸುರಭಿ. ಹಿಂದ ನಾನು. ಸೀಟಿನ ಮ್ಯಾಲ ಅಲ್ರಿ, ಆ ಗಾಡಿಗೆ ಇರೂದ ಒಂದು ಸೀಟು. ಮಡ್‌ಗಾರ್ಡ್ ಮ್ಯಾಲ ಗೋಣಿಚೀಲ ಹಾಸ್ಕೊಂಡು ಕೂತಿದ್ದೆ. ಐವತ್ತನಾಲ್ಕು ವರ್ಷದ ಎಲುಬು!

"ಕಾಕಾ, ಯಾರಂವಾ?" ಒದರಿದ್ಲು.

ತಿರುಗಿ ನೋಡಿದೆ. ಕಿಡಕಿಯಿಂದ ಅರ್ಧಾ ಹೊರಗ ಬಿದ್ದು ಕೈ ಬೀಸ್ಲಿಕತ್ತಿದ್ದ... ಟಿವಿ ಶೋದ ಪ್ರೊಡ್ಯೂಸರ್ ಸುಖೇಶ್!

"ಸುಖೇಶ್! ನಿಲ್ಸು ಅಂತಾನ!"

"ಗಾಡಿ ಕಸಗೊಳ್ಳಲಿಕ್ಕೆ ಬಂದಾನ. ನಿಲ್ಸೂದಿಲ್ಲ! ಗಟ್ಟಿ ಹಿಡ್ಕೋರಿ!"

"ಏನು ಹಿಡ್ಕೊಳ್ಳವಾ? ಹಿಡ್ಕೊಳ್ಳಲಿಕ್ಕೆ ಏನರೆ ಮಾಡಿದ್ಯೇನು ಈ ಗಾಡಿಗೆ?"

ಎಕ್ಸಲೇಟರ್ ಹಿಂಡಿದ್ಲು ನೋಡ್ರಿ... ಮುಂದಿನ ತಿರುವಿನ್ಯಾಗ ನನ್ನ ಚಪ್ಪಲಿ ಒಂದು ಹಾರಿತು. ನಾವು ಜೇಜುರಿ ಮುಟ್ಟಿದಾಗ ಅದು ಮೆಟ್ಟಿಲ ಹತ್ರ ನಮ್ಮನ್ನ ಕಾಯ್ಕೋತ ಕೂತಿತ್ತು.

ನಗಬ್ಯಾಡ್ರಿ. ಭಂಡಾರ ಇನ್ನೂ ಕೈಯಾಗ ಅದ.

ನಿಮ್ಮ ಚಾನೆಲ್ಲಿನ ಶೋ ನಿಮಗ ಗೊತ್ತs ಅದ. ಹಡಪಸರ ಕಡೆ ಒಂದು ಶೆಡ್ಡು. ಆರು ಮಂದಿ ಬಿಲ್ಡರ್ಸು, ಎಂಟು ವಾರ. ಹಳೇ ಮೋಟರ್‌ಸೈಕಲ್ ಬಿಚ್ಚಿ ಹೊಸಾ ಅವತಾರ ಕಟ್ಟಬೇಕು. ನಡನಡುವ ಕ್ಯಾಮೆರಾ ಮುಂದ ಜಗಳಾಡಬೇಕು, ಅಳಬೇಕು. ನಾನು ಶೋದ ಫಿಕ್ಸರ್. ಸಿಗಲಾರದ ಪಾರ್ಟು, ಕೊಡಲಾರದ ಪರ್ಮಿಶನ್ನು, ಸಿಟ್ಟಿಗೆದ್ದ ನೆರೆಹೊರಿ... ಎಲ್ಲಾ ನನ್ನ ಕಡೆ.

ಸುರಭಿ ಬೆಳಗಾವಿ ಕಡೇದಾಕಿ. ಅಪ್ಪನ ವರ್ಕ್‌ಶಾಪಿನ್ಯಾಗ ವೆಲ್ಡಿಂಗ್ ಕಲ್ತಾಕಿ. ಕ್ಯಾಮೆರಾ ಮುಂದ ಉಳದ ಐದೂ ಮಂದಿ ಅತ್ರು, ಈಕಿ ಅಳಲಿಲ್ಲ. ಸುಖೇಶ್ ಉಳ್ಳಾಗಡ್ಡಿ ತರಿಸಿ ಆಕಿ ಟೇಬಲ್ ಮ್ಯಾಲ ಇಡಿಸಿದ. ಈಕಿ ಹೆಚ್ಚಿ ಮಿಸಳ್‌ದಾಗ ಹಾಕ್ಕೊಂಡು ತಿಂದ್ಲು!

ಆಕೀದೊಂದು ರೂಢಿ. ಪ್ರತಿ ವೆಲ್ಡಿಗೂ ಡೀಸೆಲ್ ಹಚ್ಚಿ, ಒಣಾ ಅರಬಿಲೆ ಒರಸಿ, ಮ್ಯಾಲ ಚಾಕ್ ಪುಡಿ ಉದರಸ್ತಿದ್ಲು. ಬಿರುಕಿದ್ರ ಒಳಗ ಹೊಕ್ಕ ಡೀಸೆಲ್ ಹೊರಗ ಬಂದು ಪುಡಿಯಾಗ ಗೆರಿ ಮೂಡ್ತದ. ಆಕಿ ಕೆಲಸದಾಗ ಒಂದs ಒಂದು ಗೆರಿ ಮೂಡ್ಲಿಲ್ಲ. ನಾನs ಕಣ್ಣಾರೆ ನೋಡೀನಿ.

ಫಿನಾಲೆ ದಿವಸ. ಶೂಟಿಂಗ್ ಸಂಜಿ ನಾಲ್ಕಕ್ಕ. ಮುಂಜಾನೆ ಡೀಸೆಲ್ ಅರಬಿಲೆ ಗಾಡಿ ಒರಸಿ ಫಳಫಳ ಮಾಡಿದ್ಲು.

"ಕಾಕಾ, ಮೊದಲ ಸವಾರಿ ಮಲ್ಲಯ್ಯನ ಕಡೆ. ಭಂಡಾರ ಬೀಳದ ನಮ್ಮನಿ ಗಾಡಿ ಯಾರ ಮುಂದೂ ನಿಲ್ಲೂದಿಲ್ಲ."

"ಸುಖೇಶ್‌ಗ ಹೇಳೂದು?"

"ಹೇಳಿದ್ರ ದೇವರಿಗೂ ರೀಟೇಕ್ ಕೇಳ್ತಾನ!"

ಹಂಗ ಹೇಳದ ಹೊಂಟಿದ್ವಿ. ಅದಕ್ಕ ಘಾಟಿನ್ಯಾಗ ಆ ಎಸ್‌ಯುವಿ.

ಜೇಜುರಿ ಮೆಟ್ಟಿಲ ಬುಡಕ್ಕ ಗಾಡಿ ನಿಂತಿತು. ಮುಧೋಳ ಕಡೆ ಭಕ್ತರು ಕೂಡಿದ್ರು. "ಯಳಕೋಟ ಯಳಕೋಟ ಜಯ ಮಲ್ಹಾರ!" ಮುಷ್ಟಿ ಮುಷ್ಟಿ ಭಂಡಾರ ತೂರಿದ್ರು.

ಗಾಡಿ ಹಳದಿ. ನಾನು ಹಳದಿ. ಓಡಿ ಬಂದ ಸುಖೇಶ್ ಹಳದಿ!

ಸುರಭಿ ಒಬ್ಬಾಕೀನ ಬಿಳುಚಿದ್ಲು.

ಹ್ಯಾಂಡಲ್ ಕೂಡೂ ಕುತಗಿ ಪೈಪಿನ ಮ್ಯಾಲ, ಹಳದಿ ಪುಡಿಯಾಗ, ಒಂದು ಕರೀ ಗೆರಿ ಮೂಡ್ಲಿಕತ್ತಿತ್ತು. ಸಾವಕಾಶ. ಇಡೀ ಗಾಡಿ ಜೀವ ಅದೊಂದ ಪೈಪಿನ ಮ್ಯಾಲ!

"ಕಾಕಾ... ನನ್ನ ವೆಲ್ಡ್ ಎರಡು ಬೆರಳು ಆ ಕಡೆ ಅದ. ಇದು ನಂದಲ್ಲ. ಯಾರೋ ಕೊಯ್ದಾರ."

ಸುಖೇಶ್‌ನ ಕಾಲರ್ ಹಿಡದೆ. "ಬೊಗಳು!"

"ಸರ್, ಪ್ಲೀಸ್! ಶೆಡ್ ಒಳಗೆ, ಹತ್ತು ಸ್ಪೀಡಲ್ಲಿ, ಬ್ರೇಕ್ ಆಗ್ಬೇಕಿತ್ತು ಅಷ್ಟೆ! ಕೆಳಗೆ ಮ್ಯಾಟ್ ಕೂಡ ಹಾಕ್ಸಿದ್ದೆ! ಅವ್ಳು ಅಳ್ತಾಳೆ, ಫಿನಾಲೆ ಹಿಟ್ ಆಗುತ್ತೆ... ಘಾಟ್ ಹತ್ತಿಸ್ತಾಳೆ ಅಂತ ಯಾರಿಗ್ ಗೊತ್ತಿತ್ತು?"

ತಿಳೀತೇನ್ರಿ? ಅಂವ ಗಾಡಿ ಕಸಗೊಳ್ಳಲಿಕ್ಕೆ ಬಂದಿದ್ದಿಲ್ಲ. ಆಕಿ ಸಾಯ್ತಾಳ ಅಂತ ಹೆದರಿ ಬೆನ್ನು ಹತ್ತಿದ್ದ. ಫೋನ್ ಮಾಡಿ ಖರೇ ಹೇಳಲಿಕ್ಕೆ ದಮ್ಮಿಲ್ಲ. ಅದಕ್ಕ ಹಾರ್ನ್!

"ಸುರಭಿ, ಕೇಳು," ಅಂದ. "ವೆಲ್ಡಿಂಗ್ ಫೇಲ್ ಆಯ್ತು ಅಂತ ಹೇಳ್ಬಿಡು. ನೆಕ್ಸ್ಟ್ ಸೀಸನ್‌ಗೆ ನೀನೇ ಜಡ್ಜ್."

ನಾನು ಆಕಿ ಕಣ್ಣು ನೋಡಿದೆ. ನೀರು? ಎಲ್ಲೀದ್ರಿ!

"ಕಾಕಾ, ನನ್ನ ಟೂಲ್ ಚೀಲದಾಗ ಹ್ಯಾಕ್ಸಾ ಅದ. ಕೊಡ್ರಿ."

ಕೊಟ್ಟೆ.

"ಎಲ್ಲಾರೂ ಮೊಬೈಲ್ ತಗೀರಿ!" ಅಂದ್ಲು ಭಕ್ತರಿಗೆ. ಉಳದರ್ಧ ಪೈಪು ಕರಕರ ಕೊಯ್ಲಿಕ್ಕೆ ಹತ್ತಿದ್ಲು. ಎಂಟು ವಾರ ನಿದ್ದಿಗೆಟ್ಟು ಕಟ್ಟಿದ ಗಾಡಿರೀ... ತನ್ನ ಕೈಲೆ! ಗಾಡಿ ಗೋಣು ಚೆಲ್ತು.

ಅರ್ಧ ಕೊಯ್ತ ಹೊಸಾದು, ಬೆಳ್ಳಗ ಫಳಫಳ. ಅರ್ಧ ಹಳೇದು. ಹಳೇದರೊಳಗ ಸಂದು ಮುಚ್ಚೂ ಪುಟ್ಟಿ, ಪುಟ್ಟಿ ಮ್ಯಾಲ ಪೇಂಟು! ವೆಲ್ಡ್ ಮಾತ್ರ ಕೂದಲೆಳಿ ಅಲ್ಲಾಡಿದ್ದಿಲ್ಲ.

"ವೆಲ್ಡ್ ನಂದು," ಅಂದ್ಲು ಮೊಬೈಲ್ ಮುಂದ. "ಪುಟ್ಟಿ ಯಾರದು?"

ಆ ವಿಡಿಯೋ ಊರೆಲ್ಲಾ ನೋಡೇದ. ಈಗ ನಿಮ್ಮ ಚಾನೆಲ್ ಅಂತದ... ಪುಟ್ಟಿ ತುಂಬಿದಾಕೀನೂ ಆಕೀನ, ನಾಟಕ ಆಕೀದ. ಭಕ್ತರ ಗದ್ದಲದಾಗ ಸುಖೇಶ್ ಬಾಯಿ ಬಿಟ್ಟಿದ್ದು ಕೇಳಿದಾಂವ, ಸುರಭಿ ಬಿಟ್ರ, ನಾನೊಬ್ಬನ. ಅದಕ್ಕ ಈ ಪೇಪರ್.

ಕೊಡ್ರಿ ಪೆನ್ನು.

ತಡೀರಿ... ನೀವು ಬಂದ ಮೋಟರ್‌ಸೈಕಲ್ಲೂ ಆ ಶೋದಾಗ ಕಟ್ಟಿದ್ದಲ್ಲೇನ್ರಿ? ಚಾನೆಲ್‌ನವರು ಕೊಟ್ಟದ್ದು? ಭಾಳ ಛಂದ ಅದ. ನೀವು ಕೈ ತೊಳೀಲಿಕ್ಕೆ ಹೋದಾಗ ಅದಕ್ಕೂ ಒಂದು ಮುಷ್ಟಿ ಭಂಡಾರ ಹಾಕಿ ಬಂದೆ.

ಕುತಗಿ ಪೈಪಿನ ಮ್ಯಾಲ ಒಂದು ಕರೀ ಗೆರಿ ಅದ.

ಮನಿಗೆ ಹೋಗಬೇಕಂದ್ರ ಕಾತ್ರಜ್ ಘಾಟ್ ಇಳೀಬೇಕಲ್ರಿ ನೀವು?

ಅರೆ! ಎದ್ರೇನ್ರಿ? ಪೇಪರ್ ಇಲ್ಲೇ ಬಿಟ್ರಿ! ಏ ಲೋಕನಾಥ, ತಗೋ, ನಿನ್ನ ಹೋಟೆಲಿಗೆ ಭಜಿ ಕಟ್ಟಲಿಕ್ಕೆ ಆಗ್ತದ. ದಪ್ಪನ ಪೇಪರ್ ಅದ, ಎಣ್ಣಿ ಸೋರೂದಿಲ್ಲ.

ಸಾಹೇಬ್ರ! ಗಾಡಿ ಯಾಕ ದಬ್ಬಿಕೋತ ಹೊಂಟೀರಿ? ಪೂರಾ ಕೇಳಿ ಹೋಗ್ರಿ! ಗೆರಿ ಅದ ಅಂದೀನಿ, ಅದು ಖರೇನ, ಭಂಡಾರ ಸಾಕ್ಷಿ! ಯಾರ ಬೆರಳು ಎಳೀತು ಅಂತ ನೀವು ಕೇಳ್—