ಎಂಟು ಹದಿನಾಲ್ಕಕ್ಕೆ ಅವಳು ನಿಲ್ಲುವ ಜಾಗ

ಮಡಚಿದ ನ್ಯೂಸ್‌ಪೇಪರಿನ ಒಳಗೆ ಪಿಸ್ತೂಲು. ಅದರ ಮೂತಿ ನನ್ನ ಪಕ್ಕೆಲುಬಿಗೆ.

ಬೆಳಿಗ್ಗೆ ಎಂಟು ಗಂಟೆ ಐದು ನಿಮಿಷ. ರೈಲ್ವೆ ಸ್ಟೇಷನ್ನಿನ ವೇಟಿಂಗ್ ರೂಮು. ಕಿಟಕಿಯಾಚೆ ಪ್ಲಾಟ್‌ಫಾರ್ಮ್ ತುಂಬ ಇಸ್ತ್ರಿ ಮಾಡಿದ ಬಟ್ಟೆಯ ಜನ. ಡಾಕ್ಟರುಗಳು, ಲಾಯರುಗಳು, ಬ್ಯಾಂಕಿನ ದೊಡ್ಡವರು. ಒಬ್ಬರಾದರೂ ಒಳಗೆ ಇಣುಕಬೇಕಲ್ಲ? ಊಹೂಂ. ಎಲ್ಲರ ಮುಖವೂ ಮೊಬೈಲಿನಲ್ಲಿ.

"ಅಲ್ಲಾಡಿದ್ರೆ ಇಲ್ಲೇ ಮಲಗಿಸ್ತೀನಿ" ಎಂದ ಪಕ್ಕದಲ್ಲಿದ್ದವನು. ಕುತ್ತಿಗೆಯೇ ಇಲ್ಲದ ದೇಹ. ನಾನು ಮನಸ್ಸಿನಲ್ಲೇ ಅವನಿಗೆ ಗೂಳಿ ಎಂದು ಹೆಸರಿಟ್ಟಿದ್ದೆ.

ಅವನ ಯಜಮಾನ ನನ್ನೆದುರು ನಿಂತು ಅಂಗಿಯ ತೋಳು ಸರಿಮಾಡಿಕೊಂಡ. ದನಿ ಬೆಣ್ಣೆಯಂತೆ.

"ನೀವ್ಯಾಕೆ ಬಂದ್ರಿ ಅಂತ ಆಮೇಲೆ ಮಾತಾಡೋಣ ಸರ್. ಮೊದ್ಲು ನಿಮ್ಮ ರಿಪೋರ್ಟ್ ಎಷ್ಟು ಕರೆಕ್ಟು ಅಂತ ನೋಡ್ಬಿಡ್ತೀನಿ."

ಹೊರಗೆ ಹೋದ. ನೇರವಾಗಿ ಪ್ಲಾಟ್‌ಫಾರ್ಮಿನ ಕೊನೆಗೆ. ಕೊನೆಯ ಬೆಂಚಿನ ಪಕ್ಕ, ನಲ್ಲಿಯ ಹತ್ತಿರ... ನಾನು ರಿಪೋರ್ಟಿನಲ್ಲಿ ಬರೆದಿದ್ದ ಜಾಗದಲ್ಲೇ ನಿಂತ.

ಇನ್ನು ಒಂಬತ್ತು ನಿಮಿಷಕ್ಕೆ ಒಬ್ಬ ಹೆಂಗಸು ಅಲ್ಲಿಗೆ ಬರುತ್ತಾಳೆ. ಅವಳ ಮುಖವನ್ನೇ ನಾನು ನೋಡಿಲ್ಲ. ಆದರೆ ಬರುತ್ತಾಳೆ. ಯಾಕೆಂದರೆ ನನ್ನ ರಿಪೋರ್ಟು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ತಪ್ಪಾಗಿಲ್ಲ.

ನನ್ನ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಮೊದಲು ಪೊಲೀಸ್ ಇಲಾಖೆಯಲ್ಲಿದ್ದೆ. ಬಾಯಿ ಜಾಸ್ತಿಯಾಯಿತು, ಹೊರಗೆ ಬಂದೆ. ಈಗ ದುಡ್ಡಿರುವವರಿಗೆ ಊರು ಆರಿಸಿಕೊಡುತ್ತೇನೆ. ಕೆಲಸ ಸಿಟಿಯಲ್ಲಿ, ಸಂಸಾರ ಮಾತ್ರ ಗದ್ದಲವಿಲ್ಲದ ಕಡೆ ಇರಬೇಕು ಅನ್ನುವವರು ಇದ್ದಾರಲ್ಲ, ಅವರಿಗೆ. ಈ ರೈಲ್ವೆ ಲೈನಿನಲ್ಲಿ ಅಂಥ ಊರು ನಾಲ್ಕಿವೆ. ಗುಡ್ಡದ ಮೇಲಿನದು, ಕೆರೆ ಪಕ್ಕದ್ದು, ಹಳೇ ಬಂಗಲೆಗಳದ್ದು, ಹೊಸ ವಿಲ್ಲಾಗಳದ್ದು. ಬ್ರೋಕರುಗಳ ಬಾಯಲ್ಲಿ ನಾಲ್ಕೂ ಸ್ವರ್ಗ. ನಾನು ಪ್ರತಿಯೊಂದರಲ್ಲೂ ಒಂದೊಂದು ವಾರ ರೂಮು ಮಾಡಿ ಇರುತ್ತೇನೆ. ಯಾವ ರೈಲಿನಲ್ಲಿ ಸೀಟು ಸಿಗುತ್ತದೆ, ಸ್ಕೂಲ್ ವ್ಯಾನು ಎಲ್ಲಿ ನಿಲ್ಲುತ್ತದೆ, ಯಾವ ಬೀದಿಯ ಚರಂಡಿ ನಾರುತ್ತದೆ, ಮೆಡಿಕಲ್ ಶಾಪಿನಲ್ಲಿ ಯಾವ ಔಷಧಿ ಹೆಚ್ಚು ಖರ್ಚಾಗುತ್ತದೆ... ಎಲ್ಲ ಬರೆದುಕೊಳ್ಳುತ್ತೇನೆ. ನಿಮ್ಮ ಅಭ್ಯಾಸ ಹೇಳಿ, ನಿಮಗೆ ಒಗ್ಗುವ ಊರು ಹೇಳುತ್ತೇನೆ. ಇನ್ನೂ ಸ್ವಲ್ಪ ಟೈಮು ಕೊಟ್ಟರೆ ನಿಮ್ಮ ಬೀದಿಯನ್ನೂ ಹೇಳುತ್ತೇನೆ.

ಈ ಜಂಬವೇ ನನ್ನನ್ನು ಇಲ್ಲಿಗೆ ತಂದದ್ದು.

ಹತ್ತು ದಿನದ ಹಿಂದೆ ಆ ಬೆಣ್ಣೆ ದನಿಯವನು ನನ್ನ ಆಫೀಸಿಗೆ ಬಂದಿದ್ದ. ಹೆಂಡತಿಗೆ ಸರ್‌ಪ್ರೈಸ್ ಕೊಡಬೇಕಂತೆ. ಅವಳು ಹಲ್ಲಿನ ಡಾಕ್ಟರು, ಹಳೇ ಆಸ್ಪತ್ರೆ ಬಿಟ್ಟಿದ್ದಾಳೆ, ಸಿಟಿಯಲ್ಲೇ ಬೇರೆ ಕಡೆ ಸೇರುತ್ತಾಳೆ. ಕಾರು ಓಡಿಸುವುದಿಲ್ಲ. ಮಗಳಿಗೆ ಎಂಟು ವರ್ಷ, ಆಸ್ತಮಾ.

"ಇಂಥವಳು ಯಾವ ಊರು ಆರಿಸ್ಕೋತಾಳೆ ಅಂತ ನೀವು ಹೇಳ್ಬೇಕು" ಅಂದಿದ್ದ.

ನಾನು ಹೇಳಿದೆ. ಕೆರೆ ಊರಲ್ಲಿ ಥಂಡಿ, ಮಗುವಿಗೆ ಆಗುವುದಿಲ್ಲ. ವಿಲ್ಲಾಗಳಿಗೆ ಕಾರು ಬೇಕೇ ಬೇಕು. ಹಳೇ ಬಂಗಲೆಗಳ ಕಡೆ ಮಕ್ಕಳ ಡಾಕ್ಟರಿಲ್ಲ. ಉಳಿದದ್ದು ಗುಡ್ಡ, ಅಂದರೆ ಈ ಊರು. ಹಲ್ಲಿನ ಆಸ್ಪತ್ರೆಗಳು ಒಂಬತ್ತಕ್ಕೆ ತೆರೆಯುತ್ತವೆ, ಆದ್ದರಿಂದ ಎಂಟು ಹದಿನಾಲ್ಕರ ರೈಲು. ಅವೆಲ್ಲ ಸಿಟಿ ಸ್ಟೇಷನ್ನಿನ ಪೂರ್ವದ ಗೇಟಿನ ಕಡೆಗಿವೆ. ಆ ಗೇಟಿಗೆ ಹತ್ತಿರ ಇಳಿಯಬೇಕೆಂದರೆ ಕೊನೆಯ ಬೋಗಿ ಹತ್ತಬೇಕು. ದಿನಾ ಓಡಾಡುವವರು ಒಂದೇ ವಾರದಲ್ಲಿ ಇದನ್ನು ಕಲಿಯುತ್ತಾರೆ. ಆಮೇಲೆ ನಿಂತ ಜಾಗ ಬದಲಿಸುವುದಿಲ್ಲ.

ಇಷ್ಟನ್ನೂ ಬರೆದು, ಸಹಿ ಹಾಕಿ, ಕೈ ಕುಲುಕಿ ಕೊಟ್ಟೆ. ಅಷ್ಟು ಬುದ್ಧಿವಂತ ನಾನು!

ಫೈಲಿಗೆ ಹಾಕುವಾಗ ಕಾಪಿ ಓದಿದ್ದು ನನ್ನ ಅಕ್ಕ. ಆಫೀಸು ನೋಡಿಕೊಳ್ಳುವುದು ಅವಳೇ. ನಿನ್ನೆ ಸಂಜೆ ಕನ್ನಡಕ ಹಣೆಗೇರಿಸಿ ಕೇಳಿದಳು.

"ಲೋ, ಈ ಮನುಷ್ಯ ಎಷ್ಟು ಬೆಡ್‌ರೂಮ್ ಬೇಕು ಅಂದ?"

"ಹೇಳ್ಲಿಲ್ಲ."

"ರೇಟು ಕೇಳಿದ್ನಾ?"

"ಇಲ್ಲ."

"ಮನೆ ತಗೊಳ್ಳೋನು ಮನೆ ಬಗ್ಗೆ ಒಂದು ಮಾತೂ ಕೇಳ್ಲಿಲ್ಲ. ಹೆಂಡ್ತಿ ಎಲ್ಲಿರ್ತಾಳೆ ಅಂತಷ್ಟೇ ಕೇಳಿದಾನೆ. ನಿನ್ನ ತಲೇಲಿ ಏನಿದೆಯೋ?"

ಕೂಡಲೇ ಆ ಡಾಕ್ಟರ ಹಳೇ ಆಸ್ಪತ್ರೆಗೆ ಫೋನ್ ಮಾಡಿದೆ. ಡಾಕ್ಟರ ಹೆಸರು ಹೇಳುತ್ತಿದ್ದಂತೆ ಆ ಕಡೆಯ ನರ್ಸಿನ ದನಿ ಗಟ್ಟಿಯಾಯಿತು.

"ನೀವು ಅವ್ರ ಗಂಡನ ಕಡೆಯವರಾ? ದಯವಿಟ್ಟು ಬಿಟ್ಬಿಡಿ ಸರ್ ಅವ್ರನ್ನ. ಹೋದ್ಸಲ ಕೈ ಮುರಿದ. ಈ ಸಲ ಸಿಕ್ರೆ ಜೀವಾನೇ ತೆಗೀತೀನಿ ಅಂತ ಇಲ್ಲೇ, ನಮ್ಮೆದುರಿಗೇ ಹೇಳಿ ಹೋಗಿದಾನೆ."

ಅವಳ ಹೊಸ ನಂಬರು ಯಾರಲ್ಲೂ ಇರಲಿಲ್ಲ. ಪೊಲೀಸ್ ಸ್ಟೇಷನ್ನಿಗೆ ಫೋನ್ ಮಾಡಿದರೆ ನನ್ನ ಹಳೇ ಸಹೋದ್ಯೋಗಿ ಆಕಳಿಸಿದ. "ಬೆಳಿಗ್ಗೆ ಹತ್ತು ಗಂಟೆಗೆ ಬಂದು ಬರ್ದು ಕೊಡಪ್ಪ" ಅಂದ. ಹತ್ತು ಗಂಟೆಗೆ ನಾನು ಏನು ಬರೆದುಕೊಡಲಿ?

ಅದಕ್ಕೇ ಬೆಳಿಗ್ಗೆಯೇ ಇಲ್ಲಿಗೆ ಓಡಿ ಬಂದೆ. ಪಾರ್ಕಿಂಗಿನಲ್ಲೇ ಗೂಳಿಯ ಕೈಗೆ ಸಿಕ್ಕಿಬಿದ್ದೆ. ನನಗಿಂತ ಅವರೇ ಮೊದಲು ಬಂದಿದ್ದರು.

ಎಂಟು ಹನ್ನೊಂದು.

ಎದುರುಗಡೆ ಹಳೆಯ ಗೋಡೌನ್ ಒಂದನ್ನು ಕೆಡವುತ್ತಿದ್ದರು. ಧೂಳು ಮೋಡದಂತೆ ಏಳುತ್ತಿತ್ತು. ಹೋದ ತಿಂಗಳು ನಾನಿಲ್ಲಿ ರೂಮು ಮಾಡಿದ್ದಾಗ ಅದು ಗಟ್ಟಿಯಾಗಿ ನಿಂತಿತ್ತು.

ಆಗ ಅವಳು ಕಂಡಳು.

ಹಳಿಗಳ ಮೇಲಿನ ಓವರ್‌ಬ್ರಿಜ್ ಮೇಲೆ. ತೋಳಿನಲ್ಲಿ ಬಿಳಿ ಕೋಟು, ಕೈ ಹಿಡಿದುಕೊಂಡು ಯೂನಿಫಾರ್ಮಿನ ಹುಡುಗಿ. ನಾಲ್ಕು ಮೆಟ್ಟಿಲು ಇಳಿದವಳು ಹಾಗೇ ನಿಂತಳು. ಕೆಳಗೆ ಗಂಡನ ಬೆನ್ನು ಕಂಡಿತ್ತು. ಮರುಕ್ಷಣ ಮಗಳನ್ನು ಎಳೆದುಕೊಂಡು ಮೆಟ್ಟಿಲ ಪಕ್ಕದ ತಗಡಿನ ಮರೆಗೆ ಕುಕ್ಕರಿಸಿದಳು.

ಅವನು ಒಂದು ಸಲ ತಿರುಗಿ ಮೇಲೆ ನೋಡಿದರೆ ಮುಗಿಯಿತು. ತಗಡು ಮುಚ್ಚಿದ್ದು ಅರ್ಧ ಮಾತ್ರ. ಹುಡುಗಿಯ ಶೂಗಳು ಕಾಣುತ್ತಿದ್ದವು.

"ನಿಮ್ಮ ಯಜಮಾನರನ್ನ ಕರಿ" ಅಂದೆ ಗೂಳಿಗೆ.

"ಬಾಯ್ಮುಚ್ಚು."

"ರಿಪೋರ್ಟು ತಪ್ಪು ಕಣಯ್ಯ. ಆಮೇಲೆ ಹೇಳಿದ್ರೆ ನಿನ್ನನ್ನೂ ಬಿಡಲ್ಲ ಅವ್ರು."

ಗೂಳಿ ಯೋಚನೆ ಮಾಡಿದ. ಅದು ಅವನಿಗೆ ಕಷ್ಟದ ಕೆಲಸ. ಕೊನೆಗೆ ಕಿಟಕಿಯಿಂದ ಶಿಳ್ಳೆ ಹಾಕಿದ.

ಬೆಣ್ಣೆ ದನಿಯವನು ಒಳಗೆ ಬಂದು ಬಾಗಿಲಲ್ಲಿ ನಿಂತ. ಅವನ ಬೆನ್ನ ಹಿಂದೆ ಓವರ್‌ಬ್ರಿಜ್.

"ಏನು ಸರ್?"

"ತಪ್ಪಾಗಿದೆ. ಅವರು ಇಲ್ಲಿಲ್ಲ."

"ಹನ್ನೊಂದು ವರ್ಷದಲ್ಲಿ ಒಂದೂ ತಪ್ಪಿಲ್ಲ ಅಂದಿದ್ರಿ."

"ಹಾಗಂತ ಎಲ್ರಿಗೂ ಹೇಳ್ತೀನಿ. ಬಿಸಿನೆಸ್ಸು."

ಅವನ ಕಣ್ಣು ಕಿರಿದಾಯಿತು. ನಂಬಲಿಲ್ಲ. ಕತ್ತು ಮೆಲ್ಲಗೆ ಹೊರಕ್ಕೆ ತಿರುಗತೊಡಗಿತು... ಅಷ್ಟರಲ್ಲಿ ಮೇಲಿನಿಂದ ಒಂದು ಕೆಮ್ಮು ಕೇಳಿಸಿತು. ಸಣ್ಣ, ಒಣ ಕೆಮ್ಮು.

ನಾನು ಕೆಮ್ಮಿದೆ. ಹೊಟ್ಟೆಯಿಂದ, ಕರುಳು ಕಿತ್ತುಬರುವಂತೆ. ಕೆಮ್ಮುತ್ತಲೇ ಕಿಟಕಿಯತ್ತ ಕೈ ತೋರಿಸಿದೆ.

"ಧೂಳು ನೋಡಿ ಸಾರ್... ನನಗೇ ಹೀಗಾಗ್ತಿದೆ. ಆಸ್ತಮಾ ಇರೋ ಮಗೂನ ಕರ್ಕೊಂಡು ಯಾವ ತಾಯಿ ಇಲ್ಲಿರ್ತಾಳೆ?"

"ನೀವು ಬಂದು ನೋಡಿದ್ರಲ್ಲ?"

"ಬಂದಿಲ್ಲ."

"ಏನು?"

"ಬಂದೇ ಇಲ್ಲ. ಯಾವ ಊರಿಗೂ ಹೋಗಲ್ಲ ನಾನು. ಆಫೀಸಲ್ಲಿ ಫ್ಯಾನ್ ಕೆಳಗೆ ಕೂತು, ಇಂಟರ್‌ನೆಟ್ ನೋಡಿ ಬರೀತೀನಿ. ಇವತ್ತೇ ಮೊದಲು ಬಂದದ್ದು. ನಿಮ್ಮಂಥೋರಿಗೆ ಮೋಸ ಮಾಡಿ ದಕ್ಕಿಸ್ಕೊಳ್ಳೋಕಾಗಲ್ಲ ಅಂತ ಭಯ ಆಯ್ತು. ಅದಕ್ಕೇ ಓಡಿ ಬಂದೆ."

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ನಕ್ಕ. ಅವಮಾನವೆಂದರೆ ಏನೆಂದು ನನಗೆ ಅವತ್ತು ತಿಳಿಯಿತು. ಹನ್ನೊಂದು ವರ್ಷದ ನಿಯತ್ತನ್ನು ಅವನು ಅನುಮಾನಿಸಿದ್ದ. ಮೈಗಳ್ಳತನವನ್ನು ಒಂದೇ ಮಾತಿಗೆ ನಂಬಿದ.

ಎಂಟು ಹದಿನಾಲ್ಕರ ರೈಲು ಧಡಧಡ ಬಂತು. ಅವನು ಹೊರಗೆ ಓಡಿ ಕೊನೆಯ ಬೋಗಿಗೆ ಹತ್ತಿದವರನ್ನು ಒಬ್ಬೊಬ್ಬರಾಗಿ ನೋಡಿದ. ಅವಳಿಲ್ಲ. ರೈಲು ಹೋಯಿತು. ವಾಪಸು ಬಂದವನೇ ನನ್ನ ಕೆನ್ನೆಗೆ ಬಾರಿಸಿದ. ಉಂಗುರ ತಾಗಿ ತುಟಿ ಒಡೆಯಿತು.

"ಹಾಗಾದ್ರೆ ಎಲ್ಲಿ?"

"ಕೆರೆ ಊರು. ಇದಕ್ಕಿಂತ ಅದೇ ವಾಸಿ."

"ಹತ್ಕೋ ಕಾರು. ಅಲ್ಲೂ ಇಲ್ದಿದ್ರೆ ಕೆರೆ ಪಕ್ಕದಲ್ಲೇ ಇರುತ್ತೆ, ನಿನ್ನನ್ನ ಮುಳುಗಿಸೋಕೂ ಅನುಕೂಲ."

ಅವನ ಬಾಯಲ್ಲಿ ನಾನು 'ಸರ್' ಹೋಗಿ 'ನೀನು' ಆಗಿದ್ದೆ.

ಗೂಳಿ ಸ್ಟಿಯರಿಂಗ್ ಹಿಡಿದ. ಹಿಂದಿನ ಸೀಟಿನಲ್ಲಿ ನಾನು, ಪಕ್ಕದಲ್ಲಿ ಅವನು, ನಡುವೆ ಪಿಸ್ತೂಲು. ಹೊರಡುವಾಗ ನಾನು ಓವರ್‌ಬ್ರಿಜ್ ಕಡೆ ನೋಡಲಿಲ್ಲ. ನೋಡಬೇಕು ಅಂತ ಕತ್ತು ನೋಯುತ್ತಿತ್ತು.

ಕಾರು ನೂರರಲ್ಲಿ ಓಡಿತು. ಕೆರೆ ಊರಿಗೆ ಎರಡು ದಾರಿ. ಒಂದು ಫ್ಲೈಓವರ್ ಮೇಲೆ. ಇನ್ನೊಂದು ರೈಲ್ವೆ ಗೇಟು ದಾಟಿ.

"ಎಡಕ್ಕೆ" ಅಂದೆ. "ಫ್ಲೈಓವರ್ ಜಾಮ್ ಆಗಿರುತ್ತೆ."

"ಇಂಟರ್‌ನೆಟ್ಟಲ್ಲಿ ನೋಡಿದ್ದಾ?" ಅವನು ಕೆಣಕಿದ.

"ಹೂಂ."

ಗೂಳಿ ಎಡಕ್ಕೆ ತಿರುಗಿಸಿದ.

ಅವರಿಗೆ ಗೊತ್ತಿಲ್ಲದ ಒಂದು ವಿಷಯ ನನಗೆ ಗೊತ್ತಿತ್ತು. ಆ ಗೇಟು ಎಂಟು ಮೂವತ್ತೆಂಟಕ್ಕೆ ಬೀಳುತ್ತದೆ. ಎರಡು ರೈಲು ಹಾದು ಹೋಗುವ ತನಕ, ಹನ್ನೊಂದು ನಿಮಿಷ, ಏಳುವುದಿಲ್ಲ. ಸ್ಕೂಲ್ ವ್ಯಾನುಗಳ ಗಲಾಟೆ ಅಂತ ಇಬ್ಬರು ಟ್ರಾಫಿಕ್ ಪೊಲೀಸರು ಅಲ್ಲೇ ನಿಂತಿರುತ್ತಾರೆ. ಐದು ದಿನ ಬಿಸಿಲಲ್ಲಿ ನಿಂತು, ವಾಚು ಹಿಡಿದು ಬರೆದುಕೊಂಡಿದ್ದೆ.

ನಮ್ಮ ಮೂಗಿನೆದುರಿಗೇ ಗೇಟು ಬಿತ್ತು.

ಮುಂದೆ ಮಕ್ಕಳ ವ್ಯಾನು. ಹಿಂದೆ ಹಾಲಿನ ಲಾರಿ. ಎಡಬಲ ಸ್ಕೂಟರುಗಳು. ಗೂಳಿ ಹಾರ್ನ್ ಮೇಲೆ ಕೈಯಿಟ್ಟ. ಅವನ ಯಜಮಾನ ಅರೆಗಳಿಗೆ ಕಿಟಕಿಯ ಕಡೆ ನೋಡಿದ.

ಅಷ್ಟು ಸಾಕಾಗಿತ್ತು.

ಎರಡೂ ಕೈಯಲ್ಲಿ ಅವನ ಮಣಿಕಟ್ಟು ಹಿಡಿದು ಮೇಲಕ್ಕೆ ತಿರುಚಿದೆ. ಗುಂಡು ಹಾರಿತು. ಕಾರಿನ ಚಾವಣಿಯಲ್ಲಿ ತೂತು. ನನ್ನ ಎಡಗಿವಿ ಇವತ್ತಿಗೂ ಗುಂಯ್ ಅನ್ನುತ್ತದೆ. ಅವನು ನನ್ನ ಭುಜ ಕಚ್ಚಿದ, ನಾನು ನನ್ನ ಹಣೆಯಿಂದ ಅವನ ಮೂಗು ಒಡೆದೆ. ಹೊರಗೆ ಸ್ಕೂಟರಿನವರು ಸೇರಿ ಬಾಗಿಲು ಕಿತ್ತರು. ಪೊಲೀಸರು ಓಡಿ ಬಂದರು. ಗೂಳಿ ಕಾಲಿಗೆ ಬುದ್ಧಿ ಹೇಳಿದ, ಹಾಲಿನ ಲಾರಿಯವನು ಅಡ್ಡಗಾಲು ಹಾಕಿದ.

ಗೇಟು ಏಳುವಷ್ಟರಲ್ಲಿ ಇಬ್ಬರ ಕೈಗೂ ಬೇಡಿ ಬಿದ್ದಿತ್ತು.

ಕೋರ್ಟಿನಲ್ಲಿ ಅವನ ಲಾಯರು ನನ್ನನ್ನು ಹಿಗ್ಗಾಮುಗ್ಗಾ ಜಾಡಿಸಿದ.

"ಹಾಗಾದರೆ ನಿಮ್ಮ ರಿಪೋರ್ಟ್ ಪೂರ್ತಿ ಸುಳ್ಳು?"

ಕಟಕಟೆಯಲ್ಲಿ ನಿಂತಿದ್ದ ಬೆಣ್ಣೆ ದನಿಯವನು ಮುಂದಕ್ಕೆ ಬಾಗಿದ. ನನ್ನ ಉತ್ತರಕ್ಕಾಗಿಯೇ ಕಾದಿದ್ದ. ಶಿಕ್ಷೆ ಏಳು ವರ್ಷವಾದರೂ ಎಂಟನೇ ವರ್ಷ ಅವನು ಹೊರಗೆ ಬರುತ್ತಾನೆ.

"ಪೂರ್ತಿ ಸುಳ್ಳು" ಎಂದೆ. "ಆ ಹೆಂಗಸು ಆ ಊರಿಗೆ ಕಾಲೂ ಇಟ್ಟಿರಲಿಕ್ಕಿಲ್ಲ."

ಮರುದಿನ ಪೇಪರಿನಲ್ಲಿ ನನ್ನ ಫೋಟೋ. ಕೂತಲ್ಲೇ ಊರು ಸುತ್ತುವ ಕನ್ಸಲ್ಟೆಂಟ್. ಅವತ್ತೇ ಆರು ಕಸ್ಟಮರುಗಳು ಕೈಬಿಟ್ಟರು. ಅಕ್ಕ ಫೋನಿನ ವೈರು ಕಿತ್ತಿಟ್ಟಳು. ಆಮೇಲೆ ನನ್ನ ತಲೆ ಸವರಿದಳು. ನನಗೆ ಅಳು ಬಂತು ಅಂತ ಹೇಳಲು ನಾಚಿಕೆಯೇನಿಲ್ಲ.

ಹದಿನೈದು ದಿನದ ಮೇಲೆ ಆ ಹಲ್ಲಿನ ಡಾಕ್ಟರೇ ಬಂದಳು. ಬಿಳಿ ಕೋಟು ಬ್ಯಾಗಿನಲ್ಲಿತ್ತು. ಕುರ್ಚಿಯ ತುದಿಯಲ್ಲಿ ಕೂತಳು.

"ಪೇಪರಲ್ಲಿ ನೋಡ್ದೆ. ಅವತ್ತು ಕೆಮ್ಮಿದ್ದು ನೀವಲ್ವಾ?"

"ಹೌದಮ್ಮ. ಅವನನ್ನ ಅಲ್ಲಿಗೆ ತಂದು ನಿಲ್ಲಿಸಿದ್ದೂ ನಾನೇ. ಕ್ಷಮಿಸಿ."

ಅವಳು ಕ್ಷಮಿಸಿದೆ ಅನ್ನಲಿಲ್ಲ. ಕೈ ನೋಡಿಕೊಂಡಳು. ಎಡಗೈ ಸ್ವಲ್ಪ ಸೊಟ್ಟಗಿತ್ತು.

"ಮಗಳಿಗೆ ಆ ಊರು ತುಂಬ ಹಿಡಿಸಿದೆ. ಉಸಿರಾಟ ಸುಧಾರಿಸಿದೆ. ಈಗೇನು ಮಾಡ್ಲಿ? ಬೇರೆ ಕಡೆ ಹೋಗ್ಬೇಕಾ? ನಾಲ್ಕರಲ್ಲಿ ಯಾವುದು ಸೇಫು, ನೀವೇ ಹೇಳಿ."

"ಅಲ್ಲೇ ಇರಿ. ನೀವು ಇಲ್ಲವೇ ಇಲ್ಲ ಅಂತ ಅವನಿಗೆ ಖಾತ್ರಿಯಾಗಿರೋ ಊರು ಅದೊಂದೇ."

ಅವಳು ಎದ್ದಳು. ಬಾಗಿಲ ತನಕ ಹೋಗಿ ತಿರುಗಿದಳು.

"ನಿಮ್ಮ ರಿಪೋರ್ಟು ಸರಿಯಾಗಿತ್ತು" ಎಂದಳು.

ನನ್ನ ರಿಪೋರ್ಟು ಸರಿ ಅಂತ ಹೇಳಲು ಇಡೀ ಊರಿನಲ್ಲಿ ನನಗೆ ಉಳಿದಿರುವ ಸಾಕ್ಷಿ ಅವಳೊಬ್ಬಳೇ. ಅವಳು ಬಾಯಿ ಬಿಡದೇ ಇರಲಿ ಅಂತ ದಿನಾ ಬೇಡಿಕೊಳ್ಳುತ್ತೇನೆ.